ಅರೆನಿಗ್ ಬೆಟ್ಟದ ಮೇಲಿಂದ

ಬೆಟ್ಟ ಹತ್ತುವವರಲ್ಲಿ ಎರಡು ಪಂಗಡ. ಹತ್ತಬೇಕೆಂದೇ ಹತ್ತುವವರದು ಒಂದು. ಮೇಲೆ ಹೋಗಿ, ಒಂದು ಕಲ್ಲಿಗೆ ಬೆನ್ನು ಕೊಟ್ಟು ಕುಳಿತು, ಹತ್ತಿದ್ದನ್ನು ಮರೆತು, ಕೆಳಗೆ ನೋಡುವವರದು ಇನ್ನೊಂದು. ಮೊದಲಿನವರಿಗೆ ಎತ್ತರ ಮುಖ್ಯ. ಎಷ್ಟು ಗಂಟೆಗೆ ಹೊರಟೆವು, ಎಷ್ಟು ಗಂಟೆಗೆ ಮುಟ್ಟಿದೆವು ಎಂಬ ಲೆಕ್ಕ ಮುಖ್ಯ. ಅವರ ವಿಷಯದಲ್ಲಿ ನನಗೆ ಗೌರವವಿದೆ, ಅಸೂಯೆಯಿಲ್ಲ. ನಾನು ಎರಡನೆಯ ಪಂಗಡಕ್ಕೆ ಸೇರಿದ ಜೀವ.

ಉತ್ತರ ವೇಲ್ಸಿನ ಅರೆನಿಗ್ ವೌರ್ ಎಂಬ ಬೆಟ್ಟ ಈ ಎರಡನೆಯ ಪಂಗಡದವರಿಗೆ ಹೇಳಿ ಮಾಡಿಸಿದಂತಿದೆ. ‘ವೌರ್’ ಎಂದರೆ ದೊಡ್ಡದು. ದೊಡ್ಡದೆಂದರೂ ಅದರ ಎತ್ತರ ೨,೮೦೦ ಅಡಿ ಮಾತ್ರ. ಸ್ನೋಡನ್ ಹತ್ತಿ ಬಂದವರು ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಬೆಂಗಳೂರಿನವರಂತೂ ಇನ್ನಷ್ಟು ಬಿಗುಮಾನದಿಂದ ಮಾತನಾಡಬಹುದು. ಏಕೆಂದರೆ ಈ ಬೆಟ್ಟದ ತುತ್ತತುದಿ ಬಸವನಗುಡಿಯ ಬೀದಿಗಳಿಗಿಂತ ತಗ್ಗಿನಲ್ಲಿದೆ! ಆದರೆ ಬಸವನಗುಡಿಯಲ್ಲಿ ಕೈಚೀಲ ಹಿಡಿದು ತರಕಾರಿಗೆ ಹೊರಟವರ ಕೆನ್ನೆಗೆ ಗಾಳಿ ಹೊಡೆಯುವುದಿಲ್ಲ. ಅವರ ಕಾಲು ಮೊಣಕಾಲಿನವರೆಗೆ ಹುದುಲಿನಲ್ಲಿ ಇಳಿಯುವುದೂ ಇಲ್ಲ. ಎತ್ತರವೆಂಬುದು ಅಡಿಗಳ ಲೆಕ್ಕ ಮಾತ್ರವಲ್ಲವೆಂದು ಅರೆನಿಗ್ ಹತ್ತಿದ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ಬೆಟ್ಟಕ್ಕೆ ಹತ್ತಿರದ ಪಟ್ಟಣ ಬಾಲ. ನಗಬೇಡಿ, ಊರಿನ ಹೆಸರೇ ಅದು. ಸರೋವರದ ನೀರು ಹೊರಬೀಳುವ ಜಾಗಕ್ಕೆ ವೆಲ್ಷ್ ಭಾಷೆಯಲ್ಲಿ ಬಾಲ ಎನ್ನುತ್ತಾರೆ. ನಾವು ಕೆರೆಯ ಕೋಡಿ ಎನ್ನುತ್ತೇವಲ್ಲ, ಅದು. ತೆಗಿದ್ ಎಂಬ ಸರೋವರದ ತುದಿಯಲ್ಲಿ, ಡೀ ನದಿ ಅದರಿಂದ ಹೊರಡುವ ಕಡೆಯಲ್ಲಿ ಈ ಊರು ಕುಳಿತಿದೆ. ಸರೋವರದ ಬಾಲದಲ್ಲಿದೆ ಎಂದರೆ ನಮ್ಮ ಅರ್ಥದಲ್ಲಿಯೂ ತಪ್ಪಾಗುವುದಿಲ್ಲ. ಒಂದು ದೊಡ್ಡ ಬೀದಿ, ಅದರ ಎರಡು ಪಕ್ಕಕ್ಕೂ ಬೂದುಗಲ್ಲಿನ ಮನೆಗಳು. ಅಂಗಡಿಗಳಲ್ಲಿ ಜನ ತಮ್ಮತಮ್ಮಲ್ಲಿ ಆಡುವ ಮಾತು ವೆಲ್ಷ್. ನಾನು ಬಾಗಿಲು ತೆರೆದು ಒಳಗೆ ಹೋದೊಡನೆ ಅದು ಇಂಗ್ಲಿಷಿಗೆ ತಿರುಗುತ್ತಿತ್ತು. ಹೊರಗೆ ಬಂದೊಡನೆ ಹಿಂದಿನಿಂದ ಮತ್ತೆ ವೆಲ್ಷ್ ಕೇಳುತ್ತಿತ್ತು. ಅತಿಥಿಯ ಮುಂದೆ ಒಳ್ಳೆಯ ಪಾತ್ರೆ ತೆಗೆದು, ಅವನು ಹೋದಮೇಲೆ ದಿನಬಳಕೆಯದನ್ನು ಇಳಿಸಿಕೊಳ್ಳುವ ಹಾಗೆ.

ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ ಎಪ್ಪತ್ತು ದಾಟಿದವರು. ಸರೋವರಕ್ಕೆ ಅವರ ಭಾಷೆಯಲ್ಲಿ ‘ಹ್ಲಿನ್’. ಕನ್ನಡದಲ್ಲಿ ಬರೆದಿರುವುದು ಅಂದಾಜು ಮಾತ್ರ. ಆ ಅಕ್ಷರ ನಮ್ಮ ವರ್ಣಮಾಲೆಯಲ್ಲಿಲ್ಲ. ನಾಲಗೆಯನ್ನು ಲಕಾರದ ಜಾಗದಲ್ಲಿಟ್ಟು, ದನಿ ಹೊರಡಿಸದೆ, ಅದರ ಪಕ್ಕಗಳಿಂದ ಗಾಳಿ ಊದಬೇಕು. ಆಕೆ ತಿಂಡಿಯ ಮೇಜಿನ ಎದುರಿನಲ್ಲಿ ನನಗೆ ಪಾಠ ಹೇಳಿದರು. ‘ಹ್ಲಿನ್ ಕೆಲಿನ್’ ಎಂದು ನಾಲ್ಕಾರು ಸಲ ಊದಿದ ಮೇಲೆ, “ಸಾಕು, ನಿಮ್ಮ ಚಹಾ ಆರಿಹೋಗುತ್ತದೆ” ಎಂದು ನಕ್ಕರು. ಆಮೇಲೆ ತಟ್ಟೆ ತೆಗೆಯುತ್ತ, ನಗು ಬಿಟ್ಟು ಹೇಳಿದರು: “ನಕ್ಷೆಯಲ್ಲಿ ಹಾಗೆ ಬರೆದಿದೆ. ನಾವು ಅದನ್ನು ತ್ರವೆರಿನ್ ಎಂದೇ ಕರೆಯುವುದು.”

ತ್ರವೆರಿನ್ ಸರೋವರದ ಹೆಸರಲ್ಲ, ಹೊಳೆಯ ಹೆಸರು. ಹೊಳೆ ಹರಿದ ಕಣಿವೆಯ ಹೆಸರು. ಹ್ಲಿನ್ ಕೆಲಿನ್ ಎಂಬ ಸರೋವರ ೧೯೬೫ಕ್ಕೆ ಹಿಂದೆ ಇರಲಿಲ್ಲ.

ಬೆಟ್ಟದ ಉತ್ತರದ ಬುಡದಲ್ಲಿ ಹಳೆಯ ಕಲ್ಲುಗಣಿಯೊಂದಿದೆ. ಒಂದು ಕಾಲಕ್ಕೆ ಇಲ್ಲಿ ರೈಲು ನಿಲ್ಲುತ್ತಿತ್ತು. ಬಾಲದಿಂದ ಫೆಸ್ತಿನಿಯೋಗಿಗೆ ಹೋಗುತ್ತಿದ್ದ ಆ ದಾರಿಯಲ್ಲಿ ೧೯೬೦ರಲ್ಲಿ ಪ್ರಯಾಣಿಕರ ಗಾಡಿಗಳು ನಿಂತುಹೋದವು. ಅಲ್ಲಿಂದ ಸ್ವಲ್ಪ ಮುಂದೆ ಕಾಲುದಾರಿ ಬೆಟ್ಟದ ಕಡೆ ತಿರುಗುತ್ತದೆ. ಸೆಪ್ಟೆಂಬರಿನ ಮೊದಲ ವಾರ. ಹೀದರ್ ಎಂಬ ಕುರುಚಲು ಗಿಡ ಹೂ ಬಿಟ್ಟು ಇಳಿಜಾರೆಲ್ಲ ನೇರಿಳೆಯಾಗಿತ್ತು. ಕುರಿಗಳು ದಾರಿಯ ನಡುವೆ ನಿಂತು, ಇವನಾರೋ ಎಂಬಂತೆ ನೋಡಿ, ಕೊನೆಯ ಕ್ಷಣದಲ್ಲಿ ಪಕ್ಕಕ್ಕೆ ಸರಿಯುತ್ತಿದ್ದವು. ಒಂದು ಮೈಲಿ ನಡೆದರೆ ಬೆಟ್ಟದ ಬಂಡೆಗೋಡೆಯ ಅಡಿಯಲ್ಲಿ ಕಪ್ಪು ನೀರಿನ ಸಣ್ಣದೊಂದು ಸರೋವರ ಸಿಗುತ್ತದೆ. ಅದಕ್ಕೂ ಸಣ್ಣದೊಂದು ಕಟ್ಟೆಯುಂಟು. ಬಾಲದ ಜನಕ್ಕೆ ಕುಡಿಯುವ ನೀರು ಇಲ್ಲಿಂದ ಹೋಗುತ್ತಿತ್ತು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನೀರು ಕಟ್ಟಿಕೊಳ್ಳುವುದು ಪಾಪವೆಂದು ವೇಲ್ಸಿನ ಜನ ಎಂದೂ ಹೇಳಿಲ್ಲ.

ಕಟ್ಟೆ ದಾಟಿದ ಮೇಲೆ ಏರು ಕಡಿದು. ಆಮೇಲೆ ಕಲ್ಲು, ಗಾಳಿ, ಮತ್ತೆ ಕಲ್ಲು. ಅದರ ವರ್ಣನೆ ಬೇಡ.

ನೆತ್ತಿಯ ಮೇಲೆ ಗಾಳಿಗೆ ಮರೆಯಾಗಿ ಕಲ್ಲು ಪೇರಿಸಿದ ಒಂದು ಗೂಡಿದೆ. ಅಲ್ಲೇ ಕಪ್ಪು ಕಲ್ಲಿನ ಫಲಕವೊಂದರ ಮೇಲೆ ಎಂಟು ಹೆಸರುಗಳು. ೧೯೪೩ನೆಯ ಆಗಸ್ಟ್ ೪ರ ರಾತ್ರಿ ಅಮೆರಿಕದ ಬಾಂಬು ವಿಮಾನವೊಂದು ಕತ್ತಲಿನಲ್ಲಿ ಈ ಬೆಟ್ಟಕ್ಕೆ ಬಡಿದು ಒಳಗಿದ್ದ ಎಂಟು ಮಂದಿಯೂ ಸತ್ತರು. ಎಲ್ಲಿಯ ಅಮೆರಿಕ, ಎಲ್ಲಿಯ ಅರೆನಿಗ್! ಆ ಹುಡುಗರಲ್ಲಿ ಒಬ್ಬನಾದರೂ ಸಾಯುವ ಮುಂಚೆ ಈ ಬೆಟ್ಟದ ಹೆಸರು ಕೇಳಿರಲಾರ. ಅವರು ಬಿದ್ದ ಜಾಗ ಮಾತ್ರ ಅವರ ಹೆಸರುಗಳನ್ನು ಇಟ್ಟುಕೊಂಡಿದೆ.

ಈ ಬೆಟ್ಟಕ್ಕೆ ಮರುಳಾದವರ ಪಟ್ಟಿ ಹಳೆಯದು. ೧೮೫೪ರಲ್ಲಿ ವೇಲ್ಸನ್ನು ಕಾಲುನಡಿಗೆಯಲ್ಲಿ ಸುತ್ತಿದ ಜಾರ್ಜ್ ಬಾರೋ, ತಾನು ಅಲ್ಲಿ ಕಂಡ ಬೆಟ್ಟಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಮನಸ್ಸನ್ನು ಹಿಡಿದದ್ದು ಇನ್ನೊಂದಿಲ್ಲವೆಂಬ ಅರ್ಥದಲ್ಲಿ ಬರೆದ. ೧೯೧೧ರಲ್ಲಿ ಅಗಸ್ಟಸ್ ಜಾನ್ ಮತ್ತು ಜೇಮ್ಸ್ ಡಿಕ್ಸನ್ ಇನ್ನೆಸ್ ಎಂಬ ಇಬ್ಬರು ಚಿತ್ರಕಾರರು ಬೆಟ್ಟದ ಬುಡಕ್ಕೆ ಬಂದು ಬಿಡಾರ ಮಾಡಿದರು. ಇನ್ನೆಸನಿಗೆ ಕ್ಷಯ. ತನಗೆ ಕಾಲ ಕಡಿಮೆಯೆಂದು ಗೊತ್ತಿದ್ದವನ ಆತುರದಲ್ಲಿ ಆತ ಇದೊಂದೇ ಬೆಟ್ಟವನ್ನು ಬೆಳಗಿನಲ್ಲಿ, ಬೈಗಿನಲ್ಲಿ, ಮೋಡದಲ್ಲಿ ಮತ್ತೆ ಮತ್ತೆ ಬರೆದ. ೧೯೧೪ರಲ್ಲಿ, ೨೭ನೆಯ ವಯಸ್ಸಿನಲ್ಲಿ, ತೀರಿಕೊಂಡ. ತಾನು ಪ್ರೀತಿಸಿದವಳ ಕಾಗದಗಳನ್ನು ಬೆಳ್ಳಿಯ ಪೆಟ್ಟಿಗೆಯೊಂದರಲ್ಲಿಟ್ಟು ಈ ನೆತ್ತಿಯ ಕಲ್ಲುಗುಪ್ಪೆಯಲ್ಲಿ ಹೂತನೆಂದು ಹೇಳುತ್ತಾರೆ. ನಾನು ಕಲ್ಲು ಕೆದಕಲಿಲ್ಲ. ಕೆದಕುವವರು ನನಗಿಂತ ಮೊದಲೇ ಬೇಕಾದಷ್ಟು ಮಂದಿ ಬಂದುಹೋಗಿರಬೇಕು.

ಇನ್ನು ನೋಟ. ಮೋಡ ಹರಿದು ಬಿಸಿಲು ಬಿತ್ತು. ವಾಯವ್ಯದಲ್ಲಿ ಸ್ನೋಡನಿನ ಮೊನಚು, ನೈಋತ್ಯದಲ್ಲಿ ಕಾಡೆರ್ ಇದ್ರಿಸ್, ದಕ್ಷಿಣಕ್ಕೆ ಆರನ್ ಶಿಖರಗಳು, ಪೂರ್ವಕ್ಕೆ ಬೆರ್ವಿನ್ ಬೆಟ್ಟಗಳ ನೀಲಿ ಸಾಲು. ಕಂಬಳಿ ಹೊದ್ದು ಮಲಗಿದ ದನಗಳ ಮಂದೆಯಂತೆ ಬೆನ್ನಿನ ಹಿಂದೆ ಬೆನ್ನು. ಅವುಗಳ ನಡುವೆ ಮೂರು ಕಡೆ ನೀರು ಹೊಳೆಯುತ್ತದೆ. ಆಗ್ನೇಯಕ್ಕೆ ತೆಗಿದ್, ಪಶ್ಚಿಮಕ್ಕೆ ತ್ರೌಸ್‌ವನಿದ್, ಈಶಾನ್ಯಕ್ಕೆ, ಮೂರರಲ್ಲಿ ಹತ್ತಿರದ್ದು, ಹ್ಲಿನ್ ಕೆಲಿನ್. ಹೊಸಬನೊಬ್ಬನನ್ನು ಇಲ್ಲಿ ಕೂರಿಸಿ ಇವುಗಳಲ್ಲಿ ದೇವರು ಮಾಡಿದ್ದು ಯಾವುದು, ಮನುಷ್ಯ ಮಾಡಿದ್ದು ಯಾವುದು ಎಂದು ಕೇಳಿದರೆ ಅವನು ತ್ರೌಸ್‌ವನಿದ್ದನ್ನು ಕೂಡಲೇ ತೋರಿಸಿಯಾನು. ಅದರ ದಡದಲ್ಲಿ ಪರಮಾಣು ವಿದ್ಯುತ್ ಸ್ಥಾವರದ ಎರಡು ಕಾಂಕ್ರೀಟು ಪೆಟ್ಟಿಗೆಗಳು ನಿಂತಿವೆ. ೧೯೬೫ರಿಂದ ೧೯೯೧ರವರೆಗೆ ವಿದ್ಯುತ್ತು ಕೊಟ್ಟು ಈಗ ಮೂಕವಾಗಿವೆ. ಉಳಿದೆರಡರಲ್ಲಿ ಅವನು ತಡವರಿಸುತ್ತಾನೆ.

ಕಟ್ಟಿದ ನೀರಿಗೆ ಸಾಮಾನ್ಯವಾಗಿ ಒಂದು ಗುರುತು ಇರುತ್ತದೆ: ಎಲ್ಲೋ ಒಂದು ಕಡೆ ಅದರ ಅಂಚು ಗೆರೆ ಎಳೆದಂತೆ ನೇರವಾಗಿರುತ್ತದೆ. ಆದರೆ ಕೆಲಿನ್ನಿನ ಅಣೆಕಟ್ಟು ಕಲ್ಲಿನ ಗೋಡೆಯಲ್ಲ. ಮಣ್ಣಿನ ದೊಡ್ಡ ಏರಿ. ಅದರ ಮೇಲೆ ಹುಲ್ಲು ಬೆಳೆದು ದೂರಕ್ಕೆ ಅದೂ ಒಂದು ಗುಡ್ಡದ ಹಾಗೆಯೇ ಕಾಣುತ್ತದೆ. ಎರಡೂವರೆ ಮೈಲಿ ಉದ್ದ, ಒಂದು ಮೈಲಿ ಅಗಲ, ಆಳವಾದ ಕಡೆ ೧೪೦ ಅಡಿ ನೀರು. ಅದರ ಆಚೆ ದಡದಿಂದ ನೆಟ್ಟಗೆ ಏಳುವ ಅರೆನಿಗ್ ವಾಖ್, ಎಂದರೆ ಸಣ್ಣ ಅರೆನಿಗ್. ಮೋಡದ ನೆರಳು ನೀರನ್ನು ದಾಟಿ ಆ ಬೆಟ್ಟವನ್ನು ಏರುವುದನ್ನು ನಾನು ಎಷ್ಟು ಹೊತ್ತು ನೋಡಿದೆನೋ! ಸುಂದರವಾಗಿದೆ. ಮೂರರಲ್ಲಿ ಇದೇ ಹೆಚ್ಚು ಸುಂದರವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ತೊಡಕು ಇರುವುದೂ ಅಲ್ಲೇ. ಕುರೂಪವಾಗಿದ್ದರೆ ನೋಡಿದವರು ‘ಇದೇನು ಇಲ್ಲಿ’ ಎಂದು ಕೇಳುತ್ತಿದ್ದರು. ಸುಂದರವಾದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದಿಯಿಂದ ಹಾಗೆಯೇ ಇತ್ತೆಂದುಕೊಂಡು ಬುತ್ತಿ ಬಿಚ್ಚುತ್ತಾರೆ. ಜಾನ್, ಇನ್ನೆಸ್ ಇಬ್ಬರೂ ಈ ಕಣಿವೆಯಲ್ಲಿ ಓಡಾಡಿದವರು. ಇಂದಿನ ಬಣ್ಣದ ಕಾರ್ಡುಗಳಲ್ಲಿ ಕಾಣುವ, ಕೆಲಿನ್ನಿನ ನೀರಿನಲ್ಲಿ ತಲೆಕೆಳಗಾಗಿ ಮೂಡಿದ ಅರೆನಿಗ್ಗನ್ನು ಅವರು ಕಂಡವರಲ್ಲ.

ಅವರು ಕಂಡದ್ದು ಒಂದು ಹಳ್ಳಿ. ಕಾಪೆಲ್ ಕೆಲಿನ್. ಕಾಪೆಲ್ ಎಂದರೆ ಪ್ರಾರ್ಥನಾಮಂದಿರ; ಕೆಲಿನ್ ಎಂದರೆ ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಕಾಣುವ, ಮುಳ್ಳಂಚಿನ ಎಲೆಯ, ಕೆಂಪು ಹಣ್ಣಿನ ಗಿಡ. ಒಂದು ಮಂದಿರ, ಅದರ ಪಕ್ಕದಲ್ಲಿ ಸ್ಮಶಾನ, ಒಂದು ಸ್ಕೂಲು, ಒಂದು ಅಂಚೆಕಚೇರಿ, ಮನೆಗಳೂ ಹೊಲಮನೆಗಳೂ ಸೇರಿ ಹನ್ನೆರಡು. ಆ ಭಾಗದಲ್ಲಿದ್ದವರು ೬೭ ಜನ. ಅವರಲ್ಲಿ ಮನೆ ಕಳೆದುಕೊಂಡವರು ೪೮. ಇಷ್ಟೇ. ನಮ್ಮಲ್ಲಿ ಒಂದು ಮದುವೆಯ ಒಂದು ಪಂಕ್ತಿಗೂ ಸಾಲದು. ಅಂಕಿಗಳನ್ನು ಮಾತ್ರ ನೋಡುವ ಅಧಿಕಾರಿಗೆ ಇದು ಅತಿ ಅಗ್ಗದ ವ್ಯಾಪಾರವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಮನೆಗಳಲ್ಲಿ ಇಂಗ್ಲಿಷು ಪಾಠದ ಭಾಷೆ. ಬೈಯುವುದು, ಹಾಡುವುದು, ಕುರಿ ಕೂಗುವುದು, ದೇವರನ್ನು ಬೇಡುವುದು ಎಲ್ಲ ವೆಲ್ಷಿನಲ್ಲಿ. ಅಂಥ ಊರುಗಳು ಆಗಲೇ ಕಡಿಮೆಯಾಗುತ್ತ ಬಂದಿದ್ದವು. ಇಂದು, ೨೦೨೧ರ ಜನಗಣತಿಯ ಪ್ರಕಾರ, ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ನೂರಕ್ಕೆ ಹದಿನೆಂಟೂ ತುಂಬುವುದಿಲ್ಲ. ಭಾಷೆಯೆಂಬುದು ತಲೆ ಎಣಿಸಿ ತೂಗುವ ವಸ್ತುವಾದರೆ ೪೮ ಸಣ್ಣ ಸಂಖ್ಯೆ, ಹಾಗಲ್ಲವಾದರೆ ದೊಡ್ಡದು.

ನೀರು ಬೇಕಾಗಿದ್ದದ್ದು ಲಿವರ್‌ಪೂಲಿಗೆ. ಆ ನಗರ ಇರುವುದು ಇಂಗ್ಲೆಂಡಿನಲ್ಲಿ. ಅದಕ್ಕೆ ವೇಲ್ಸಿನ ನೀರಿನ ರುಚಿ ಹಳೆಯದು. ೧೮೮೦ರ ದಶಕದಲ್ಲಿಯೇ ವರ್ನ್ವಿ ಕಣಿವೆಗೆ ಕಲ್ಲಿನ ಅಣೆಕಟ್ಟು ಹಾಕಿ, ಹ್ಲಾನ್‌ವುದಿನ್ ಎಂಬ ಹಳ್ಳಿಯನ್ನು ಮುಳುಗಿಸಿ, ಕೊಳವೆಯಲ್ಲಿ ನೀರು ಒಯ್ದಿತ್ತು. ೧೯೫೦ರ ದಶಕದಲ್ಲಿ ಮತ್ತೆ ಬಾಯಾರಿಕೆಯಾಯಿತು. ನ್ಯಾಯವಾಗಿ ಹೇಳಬೇಕು. ಯುದ್ಧದಲ್ಲಿ, ಅದರಲ್ಲೂ ೧೯೪೧ರ ಮೇ ತಿಂಗಳಲ್ಲಿ, ಬಾಂಬು ತಿಂದು ಜರ್ಜರಿತವಾದ ನಗರ ಅದು. ಕೊಳೆಗೇರಿಗಳನ್ನು ಕಿತ್ತು, ಬಚ್ಚಲು ಪಾಯಖಾನೆಗಳಿರುವ ಮನೆಗಳನ್ನು ಕಟ್ಟಬೇಕಾಗಿತ್ತು. ಕಾರ್ಖಾನೆಗಳಿಗೂ ನೀರು ಬೇಕಾಗಿತ್ತು. ನಲ್ಲಿ ತಿರುಗಿಸಿದರೆ ನೀರು ಬರಬೇಕೆನ್ನುವ ತಾಯಿಗೆ, ನೀನು ಕೇಳುವುದು ತಪ್ಪೆಂದು ಯಾರು ತಾನೆ ಹೇಳಲಾದೀತು? ಮೇಲಾಗಿ ಲಿವರ್‌ಪೂಲು ವೇಲ್ಸಿಗೆ ಪರಸ್ಥಳವೂ ಅಲ್ಲ. ಹೊಟ್ಟೆಪಾಡಿಗೆ ಅಲ್ಲಿಗೆ ಹೋದ ವೆಲ್ಷ್ ಜನ ಬೀದಿಬೀದಿಗಳನ್ನೇ ಕಟ್ಟಿದ್ದಾರೆ. ಅವರು ಕಟ್ಟಿ ತಮ್ಮ ಊರುಗಳ ಹೆಸರಿಟ್ಟ ಕೇರಿಯೊಂದು ಈಗಲೂ ಇದೆ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಹುಟ್ಟಿದ ಮ್ಯಾಡ್ರಿನ್ ಬೀದಿ ಅದರಲ್ಲಿ ಸೇರಿದ್ದು. ವೇಲ್ಸಿನ ದೊಡ್ಡ ಸಾಹಿತ್ಯೋತ್ಸವವಾದ ಐಸ್ತೆದ್‌ವೊದ್ ೧೯೨೯ರಲ್ಲಿ ಲಿವರ್‌ಪೂಲಿನಲ್ಲಿಯೇ ನಡೆದಿತ್ತು. ನೆರೆಯವನು ಒಂದು ಚೊಂಬು ನೀರು ಕೇಳಿದ್ದರೆ ಮಾತೇ ಇರಲಿಲ್ಲ.

ಕೇಳಲಿಲ್ಲ. ಇಡೀ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇದು. ೧೯೫೫ರಲ್ಲಿ ಆ ಹಳ್ಳಿಯ ಜನಕ್ಕೆ ತಮ್ಮ ಊರು ಮುಳುಗಲಿದೆಯೆಂಬ ಸಂಗತಿ ತಿಳಿದದ್ದು ವೃತ್ತಪತ್ರಿಕೆಯಿಂದ. ಮೊದಲು ನಗರಸಭೆಯ ಕಣ್ಣು ದೊಲಾನೊಗ್ ಎಂಬ ಬೇರೊಂದು ಊರಿನ ಮೇಲಿತ್ತು. ಅದು ೧೮೦೫ರಲ್ಲಿ ತೀರಿಕೊಂಡ ಆನ್ ಗ್ರಿಫಿತ್ಸ್ ಎಂಬ ಭಕ್ತಕವಯಿತ್ರಿಯ ಊರು. ವೇಲ್ಸೆಲ್ಲ ಅವಳ ಕೀರ್ತನೆಗಳನ್ನು ಹಾಡುತ್ತದೆ. ಅದನ್ನು ಮುಟ್ಟಿದರೆ ಗದ್ದಲವಾಗುತ್ತದೆಂದು ತ್ರವೆರಿನ್ ಕಡೆಗೆ ತಿರುಗಿದರು. ಸತ್ತು ನೂರೈವತ್ತು ವರ್ಷವಾದ ಹೆಂಗಸೊಬ್ಬಳು ತನ್ನ ಊರನ್ನು ಕಾಪಾಡಿದಳು. ಕಾಪೆಲ್ ಕೆಲಿನ್ನಿನಲ್ಲಿ ಅಂಥ ಕವಿ ಯಾರೂ ಹುಟ್ಟಿರಲಿಲ್ಲ. ಕುರಿ ಸಾಕುವವರು, ಸಂಜೆ ಹಾಡಿಕೊಳ್ಳುವವರು, ಇಷ್ಟೇ ಇದ್ದದ್ದು.

೧೯೫೬ರ ನವೆಂಬರ್ ೨೧ರಂದು ಊರಿಗೆ ಊರೇ ಬಸ್ಸು ಹತ್ತಿ ಲಿವರ್‌ಪೂಲಿಗೆ ಹೋಯಿತು. ಹೆಂಗಸರು, ಮಕ್ಕಳು, ಮುದುಕರು, ಭಿತ್ತಿಪತ್ರಗಳನ್ನು ಹಿಡಿದು ದೊಡ್ಡ ನಗರದ ದೊಡ್ಡ ಬೀದಿಗಳಲ್ಲಿ ನಡೆದರು. ಅಂದಿನ ಛಾಯಾಚಿತ್ರಗಳಿವೆ. ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಭಾನುವಾರದ ಪ್ರಾರ್ಥನೆಗೆ ಹೊರಟವರ ಹಾಗೆ ಶಿಸ್ತಾಗಿದ್ದಾರೆ. ಅವರನ್ನು ನೋಡಿದರೆ ಚಳವಳಿಗಾರರೆಂದು ತೋರುವುದಿಲ್ಲ. ಸಾಲ ಕೇಳಲು ಬಂದ ಮರ್ಯಾದಸ್ಥರೆಂದು ತೋರುತ್ತದೆ.

ನಗರಸಭೆ ಪಾರ್ಲಿಮೆಂಟಿನಲ್ಲಿ ಖಾಸಗಿ ಮಸೂದೆ ತಂದಿತು. ಹಾಗೆ ಮಾಡಿದರೆ ಸ್ಥಳೀಯ ಕೌಂಟಿಯ ಒಪ್ಪಿಗೆ ಬೇಕಿಲ್ಲ, ಉಪಾಯ ಅದೇ. ವೇಲ್ಸಿನಿಂದ ಆರಿಸಿ ಬಂದ ೩೬ ಸದಸ್ಯರಲ್ಲಿ ಒಬ್ಬರೂ ಅದರ ಪರವಾಗಿ ಮತ ಹಾಕಲಿಲ್ಲ. ಆದರೂ ಮಸೂದೆ ಪಾಸಾಯಿತು. ೧೯೫೭ರ ಆಗಸ್ಟ್ ೧ಕ್ಕೆ ಕಾಯಿದೆಯಾಯಿತು. ಒಂದು ನಾಡಿನ ಪ್ರತಿನಿಧಿಗಳಲ್ಲಿ ಒಬ್ಬನೂ ಒಪ್ಪದಿದ್ದರೂ ಆ ನಾಡಿನ ನೆಲದ ಮೇಲೆ ಏನನ್ನಾದರೂ ಮಾಡಬಹುದೆಂಬುದು ಅಂದು ಲೆಕ್ಕದ ಸಮೇತ ಗೊತ್ತಾಯಿತು. ವೇಲ್ಸಿನ ಜನಕ್ಕೆ ಮುಳುಗಿದ ಹಳ್ಳಿಗಿಂತಲೂ ಈ ಲೆಕ್ಕ ಹೆಚ್ಚು ನೆನಪಿದೆಯೋ ಏನೋ. ಆ ಮುಂದೆ ಕೆಲವರು ತಾಳ್ಮೆ ಕಳೆದುಕೊಂಡರು. ೧೯೬೨ರಲ್ಲಿ ಇಬ್ಬರು ಕಟ್ಟಡದ ಜಾಗಕ್ಕೆ ನುಗ್ಗಿ ಟ್ರಾನ್ಸ್‌ಫಾರ್ಮರಿನ ಎಣ್ಣೆ ಹರಿಯಬಿಟ್ಟರು. ೧೯೬೩ರ ಫೆಬ್ರವರಿಯಲ್ಲಿ ಬಾಂಬಿಟ್ಟವರಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ಹನ್ನೆರಡು ತಿಂಗಳು ಜೈಲು ಕಂಡ. ಕೆಲಸ ನಿಲ್ಲಲಿಲ್ಲ. ೧೯೬೩ರಲ್ಲಿ ಸ್ಕೂಲು ಮುಚ್ಚಿತು. ಅದೇ ಸೆಪ್ಟೆಂಬರಿನಲ್ಲಿ ಮಂದಿರದಲ್ಲಿ ಕೊನೆಯ ಪ್ರಾರ್ಥನೆ. ೧೯೬೫ರ ಅಕ್ಟೋಬರ್ ೨೧ರಂದು ನಗರಸಭೆಯವರು ಪ್ರಾರಂಭೋತ್ಸವಕ್ಕೆ ಬಂದಾಗ ಧ್ವನಿವರ್ಧಕದ ತಂತಿಗಳನ್ನು ಯಾರೋ ಕತ್ತರಿಸಿದ್ದರು. ಕಿರಿಚಾಟದ ನಡುವೆ ಸಮಾರಂಭ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಮರುವರ್ಷ ಜುಲೈನಲ್ಲಿ ಗ್ವಿನ್‌ವೋರ್ ಎವಾನ್ಸ್ ಕಾರ್ಮಾರ್ಥೆನ್ ಉಪಚುನಾವಣೆಯಲ್ಲಿ ಗೆದ್ದು, ವೇಲ್ಸಿನದೇ ಪಕ್ಷವೊಂದರ ಮೊದಲ ಸದಸ್ಯನಾಗಿ ಪಾರ್ಲಿಮೆಂಟಿಗೆ ಹೋದರು. ಅದಕ್ಕೆ ಕಾರಣಗಳು ಹಲವಿದ್ದವು. ತ್ರವೆರಿನ್ ಇಲ್ಲದೆ ಆ ಪಟ್ಟಿಯನ್ನು ಯಾರೂ ಬರೆಯುವುದಿಲ್ಲ.

ಬೆಟ್ಟದ ಮೇಲಿಂದ ಇದರಲ್ಲಿ ಒಂದೂ ಕಾಣುವುದಿಲ್ಲ. ಗೋಡೆಯ ಮೇಲೆ ಬರೆದ ಎರಡು ಶಬ್ದಗಳಿಂದ ಇದು ಕಾಣುತ್ತದೆ. ಆ ಗೋಡೆ ಇಲ್ಲಿಲ್ಲ. ಬಹು ದೂರದಲ್ಲಿ, ಅಬೆರಿಸ್ತ್ವಿತ್ ಊರಿನ ಹತ್ತಿರ ಸಮುದ್ರತೀರದ ರಸ್ತೆಯ ಪಕ್ಕದಲ್ಲಿ, ಬಿದ್ದುಹೋದ ಒಂದು ಮನೆಯ ಉಳಿದ ಗೋಡೆ ಅದು. ೧೯೬೦ರ ದಶಕದ ಮೊ‌ದಲಲ್ಲಿ ಮೈಕ್ ಸ್ಟೀಫನ್ಸ್ ಎಂಬ ತರುಣ ಅದರ ಮೇಲೆ ‘ತ್ರವೆರಿನ್ ನೆನಪಿರಲಿ’ ಎಂಬ ಅರ್ಥ ಬರುವಂತೆ ಬಣ್ಣದಲ್ಲಿ ಬರೆದ. ಆತ ಇಂಗ್ಲಿಷ್ ಮನೆಮಾತಿನವನು. ವೆಲ್ಷನ್ನು ಬೆಳೆದ ಮೇಲೆ ಕಲಿತವನು. ಮುಂದೆ ವೇಲ್ಸಿನ ಸಾಹಿತ್ಯದ ದೊಡ್ಡ ಕೋಶವನ್ನೇ ಸಂಪಾದಿಸಿದ ವಿದ್ವಾಂಸನಾದ. ಆದರೆ ಅಂದು ಗೋಡೆಯ ಮೇಲೆ ಬರೆದದ್ದರಲ್ಲಿ ಒಂದು ವ್ಯಾಕರಣದೋಷವಿತ್ತು. ‘ಕೊವಿಯುಖ್ ತ್ರವೆರಿನ್’ ಎಂದು ಬರೆದ. ‘ಕೊವಿಯುಖ್ ದ್ರವೆರಿನ್’ ಎನ್ನಬೇಕು.

ಯಜಮಾನಿ ಇದನ್ನು ವಿವರಿಸಲು ಹೊರಟು, ‘ಬೇರೆ ಭಾಷೆಯವರಿಗೆ ಇದು ಅರ್ಥವಾಗುವುದು ಕಷ್ಟ, ನಮ್ಮಲ್ಲಿ ಕೆಲವು ಕಡೆ ಶಬ್ದದ ಮೊದಲ ಅಕ್ಷರ ಕರಗುತ್ತದೆ, ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ ಆಗುತ್ತದೆ’ ಎಂದರು. ಅರ್ಥವಾಗದೆ ಏನು! ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂದು ನಾನು ಮೂರು ಉದಾಹರಣೆಗಳನ್ನು ಕೊಟ್ಟೆ. ಮಿಡ್ಲ್ ಸ್ಕೂಲಿನಲ್ಲಿ ಬೆತ್ತದ ಭಯದಿಂದ ಬಾಯಿಪಾಠ ಮಾಡಿದ ಆದೇಶಸಂಧಿ ಐದು ಸಾವಿರ ಮೈಲಿಗಳಾಚೆ ಹೀಗೆ ಉಪಯೋಗಕ್ಕೆ ಬಂದೀತೆಂದು ನಮ್ಮ ಕನ್ನಡ ಪಂಡಿತರು ಕನಸಿನಲ್ಲಿಯೂ ಎಣಿಸಿರಲಾರರು. ನಮ್ಮದು ಸಮಾಸದೊಳಗೆ ಆಗುವುದು, ಅವರದು ವಾಕ್ಯದಲ್ಲಿ ಬಿಡಿಬಿಡಿ ಪದಗಳ ನಡುವೆ ಆಗುವುದು, ಭೇದವಿದೆ ನಿಜ. ಆದರೂ ಅದೇ ಮೂರು ಅಕ್ಷರ, ಅದೇ ಮೂರು ಬದಲಾವಣೆ. ಆಕೆ ಮೂರು ಶಬ್ದಗಳನ್ನೂ ಹೇಳಿ ನೋಡಿದರು. ‘ಕಂಬನಿ’ ಅವರ ಬಾಯಲ್ಲಿ ಸರಾಗವಾಗಿ ಬಂತು. ಅರ್ಥ ಕೇಳಿದರು, ಹೇಳಿದೆ.

ಗೋಡೆಯ ಬರಹವನ್ನು ಆಮೇಲೆ ಬಂದವರು ತಿದ್ದಿದರು. ಮಳೆಗೆ ಮಾಸಿದಾಗಲೆಲ್ಲ ಮತ್ತೆ ಬಣ್ಣ ಬಳಿದರು. ೨೦೧೯ರಲ್ಲಿ ಯಾರೋ ಕಿಡಿಗೇಡಿಗಳು ಗೋಡೆಯ ಒಂದು ಭಾಗ ಕೆಡವಿದರು. ಸುತ್ತಲಿನವರು ಕಲ್ಲು ಆಯ್ದು ಮತ್ತೆ ಕಟ್ಟಿದರು. ಆ ವರ್ಷ ವೇಲ್ಸಿನ ಉದ್ದಗಲಕ್ಕೂ ಮನೆ, ಕೊಟ್ಟಿಗೆ, ಸೇತುವೆಗಳ ಮೇಲೆ ಅದೇ ಎರಡು ಶಬ್ದಗಳು ಎದ್ದವು. ಒಂದನ್ನು ಕೆಡವಿ ನೂರು ಮಾಡಿಸಿದ ಪುಣ್ಯ ಆ ಕಿಡಿಗೇಡಿಗಳದು.

ಇಳಿಯುವಾಗ ಬಿಸಿಲು ಓರೆಯಾಗಿತ್ತು. ದಡದ ಹೊಸ ರಸ್ತೆಯ ಪಕ್ಕದಲ್ಲಿ, ನೀರಿಗೆ ಮುಖ ಮಾಡಿ, ಕಲ್ಲಿನ ಸಣ್ಣ ಸ್ಮಾರಕ ಮಂದಿರವಿದೆ. ಹಳೆಯ ಸ್ಮಶಾನದ ಸಮಾಧಿಶಿಲೆಗಳನ್ನು ಅಲ್ಲಿಗೆ ತಂದು ನಿಲ್ಲಿಸಿದ್ದಾರೆ. ಕಲ್ಲುಗಳು ಬಂದವು, ಸತ್ತವರೆಲ್ಲ ಬರಲಿಲ್ಲ. ಮನೆಯವರ ಇಚ್ಛೆಯಂತೆ ಎಂಟು ಮಂದಿಯ ಅವಶೇಷಗಳನ್ನು ತೆಗೆದು ಬೇರೆ ಕಡೆ ಹೂತರು. ಉಳಿದವರ ಮೇಲೆ ಕಾಂಕ್ರೀಟು ಹಾಸಿ ನೀರು ಬಿಟ್ಟರು. ಇನ್ನೊಂದು ಕಡೆ ಒಂದು ಕಲ್ಲಿನ ಮೇಲೆ ಹಾವೊದ್ ವಾದೊಗ್ ಎಂಬ ಹೊಲಮನೆಯ ಹೆಸರಿದೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಕ್ವೇಕರ್ ಪಂಥದವರು ಕೂಡಿ ಪ್ರಾರ್ಥಿಸುತ್ತಿದ್ದ ಮನೆ ಅದು. ಈಗ ನೀರಿನ ಅಡಿಯಲ್ಲಿದೆ. ಈ ಸೀಮೆಯ ಕ್ವೇಕರರು ಹಿಂಸೆ ತಾಳಲಾರದೆ ೧೬೮೦ರ ದಶಕದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹಡಗು ಹತ್ತಿದ್ದರು. ಕಣಿವೆ ಬಿಟ್ಟು ಹೋಗುವುದು ಈ ಜನಕ್ಕೆ ಅದು ಎರಡನೆಯ ಸಲ.

ಲಿವರ್‌ಪೂಲಿನ ನಗರಸಭೆ ೨೦೦೫ರ ಅಕ್ಟೋಬರಿನಲ್ಲಿ ಕ್ಷಮೆ ಕೇಳಿತು. ನಲವತ್ತು ವರ್ಷ ಬೇಕಾಯಿತು. ಸಾಕೆಂದವರೂ ಇದ್ದಾರೆ, ಸಾಲದೆಂದವರೂ ಇದ್ದಾರೆ. ನಮ್ಮ ಯಜಮಾನಿಯನ್ನು ಕೇಳಿದರೆ, “ಕೇಳಿದರಲ್ಲ” ಎಂದಷ್ಟೇ ಹೇಳಿದರು. ೨೦೨೨ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ನೀರು ಇಳಿದಾಗ, ಗೋಡೆಗಳ ಬುಡ, ಮರದ ಮೋಟುಗಳು, ಹಳೆಯ ರಸ್ತೆಯ ತುಂಡು ಕೆಸರಿನಿಂದ ಮೇಲೆದ್ದವು. ನೋಡಲು ಜನ ಸಾಲುಗಟ್ಟಿ ಬಂದರು, ಆಕೆ ಹೋಗಲಿಲ್ಲವಂತೆ.

ಈ ನೀರು ಕೊಳವೆಯಲ್ಲಿ ಹೋಗುವುದಲ್ಲ. ಬೇಸಿಗೆಯಲ್ಲಿ ಡೀ ಸೊರಗಿದಾಗ ಅಣೆಕಟ್ಟಿನ ತೂಬು ತೆಗೆಯುತ್ತಾರೆ; ತ್ರವೆರಿನ್ ಹೊಳೆ ತುಂಬಿ ಬಾಲದ ಹತ್ತಿರ ಡೀಯನ್ನು ಸೇರುತ್ತದೆ. ಡೀ ಅದನ್ನು ತನ್ನ ಪಾಡಿಗೆ ಹೊತ್ತುಕೊಂಡು ಹೋಗುತ್ತದೆ. ಚೆಸ್ಟರ್ ಹತ್ತಿರ ಲಿವರ್‌ಪೂಲಿನವರು ತಮ್ಮ ಪಾಲನ್ನು ಎತ್ತಿಕೊಳ್ಳುತ್ತಾರೆ. ತೂಬು ತೆಗೆದ ದಿನಗಳಲ್ಲಿ ಅಣೆಕಟ್ಟಿನ ಕೆಳಗಿನ ಬಂಡೆಗಳ ನಡುವೆ ಹೊಳೆ ನೊರೆಯುಕ್ಕಿ ಧುಮುಕುತ್ತದೆ. ತಲೆಗೆ ಬಣ್ಣಬಣ್ಣದ ಹೆಲ್ಮೆಟ್ಟು ಹಾಕಿದ ಹುಡುಗ ಹುಡುಗಿಯರು ರಬ್ಬರು ದೋಣಿಗಳಲ್ಲಿ ಕಿರಿಚುತ್ತ ಇಳಿಯುತ್ತಾರೆ. ನಾನು ಹೋದ ದಿನವೂ ಇಳಿಯುತ್ತಿದ್ದರು. ಅವರಲ್ಲಿ ಕೆಲವರು ಕಿರಿಚುತ್ತಿದ್ದದ್ದು ವೆಲ್ಷಿನಲ್ಲಿ. ಅದು ನನಗೆ ಹಿತವಾಗಿ ಕೇಳಿಸಿತು.

ಎರಡು ದಿನ ಕಳೆದು ಲಿವರ್‌ಪೂಲಿನಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಹೋಟೆಲಿನ ಕೋಣೆಯಲ್ಲಿ ನಲ್ಲಿ ತಿರುಗಿಸಿದೆ. ವರ್ನ್ವಿಯದಾಗಲಿ ಡೀಯದಾಗಲಿ, ನಲ್ಲಿಗೆ ಬರುವ ಹೊತ್ತಿಗೆ ನೀರು ನೀರೇ. ತಣ್ಣಗಿತ್ತು. ಎರಡು ಲೋಟ ಕುಡಿದೆ.